ಬಾಗಿಲು ಮುಚ್ಚದ ಅಂಗಡಿಗೊಂದು ಕೌದಿ

ಮಾದಾಪುರ

ಅಮೇರಿಕಾಕ್ಕೆ ಹೋಗುವ ಯೋಗ್ಯತೆ ನನಗಿದೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ರೈತರನ್ನು ಆ ದೇಶಕ್ಕೆ ಕಳಿಸಿ, ಅಲ್ಲಿಯವರ ಮನೆಯಲ್ಲೇ ಉಳಿಸಿ, ಅವರ ಬದುಕನ್ನು ನೋಡಿ ಬರಲಿ ಎಂಬ ಒಂದು ಏರ್ಪಾಡಿತ್ತು. ಅದರಲ್ಲಿ ನಮ್ಮ ಕೊಡಗು ರಾಜ್ಯಕ್ಕೆ ಸಿಕ್ಕಿದ್ದು ಒಂದೇ ಸೀಟು. ರಾಜ್ಯ ಎಷ್ಟು ದೊಡ್ಡದೋ ಸೀಟೂ ಅಷ್ಟೇ. ಅದಕ್ಕೆ ಇಬ್ಬರು ದೊಡ್ಡ ಎಸ್ಟೇಟಿನವರು ಪೈಪೋಟಿಗೆ ಬಿದ್ದರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮಡಿಕೇರಿಯಲ್ಲಿ ರಂಪ ಮಾಡುತ್ತಾರೆಂದು ಹೆದರಿದ ಅಧಿಕಾರಿಗಳು, ಇಬ್ಬರ ಹೊಟ್ಟೆಯೂ ಸಮನಾಗಿ ಉರಿಯಲಿ ಎಂದು ಮಾದಾಪುರದ ಪಕ್ಕ ಒಂದಿಷ್ಟು ಕಾಫಿ, ಒಂದಿಷ್ಟು ಏಲಕ್ಕಿ ಇಟ್ಟುಕೊಂಡಿದ್ದ ನನ್ನನ್ನು ಆರಿಸಿದರು.

ಮನೆಯಲ್ಲಿ ಗೌರಮ್ಮನಿಗೆ ಒಂದೇ ಚಿಂತೆ. ನಾವು ಲಿಂಗ ಕಟ್ಟಿದವರು, ಮಾಂಸ ಮಡ್ಡಿ ಮುಟ್ಟದವರು. ಆ ಊರಿನಲ್ಲಿ ಸೊಪ್ಪು ತಿನ್ನುವುದು ದನ ಮಾತ್ರ, ಮನುಷ್ಯರು ತಿನ್ನುವುದು ದನವನ್ನು ಎಂದು ಯಾರೋ ಅವಳ ಕಿವಿ ಊದಿದ್ದರು. ಹುರುಳಿ ಚಟ್ನಿಪುಡಿ, ಒಣಕೊಬ್ಬರಿ, ಅವಲಕ್ಕಿ ಎಲ್ಲವನ್ನೂ ಪೆಟ್ಟಿಗೆಯ ತಳಕ್ಕೆ ತುಂಬಿ, ಉಳಿದ ಜಾಗದಲ್ಲಿ ನನ್ನ ಕೋಟನ್ನು ತುರುಕಿದಳು.

ಆಗ ಊರಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಕೊಡಗನ್ನು ಮೈಸೂರಿಗೆ ಸೇರಿಸುವುದು ಖಾಯಂ ಆಗಿತ್ತು. ಬೇಕು ಅನ್ನುತ್ತಿದ್ದವರು ಪಟಾಕಿ ತಂದಿಟ್ಟುಕೊಂಡಿದ್ದರು. ಬೇಡ ಅನ್ನುತ್ತಿದ್ದವರು ಇನ್ನು ಯಾರಿಗೆ ಅರ್ಜಿ ಹಾಕುವುದೆಂದು ಹುಡುಕುತ್ತಿದ್ದರು. ಎರಡೂ ಕಡೆಯವರು ನನ್ನನ್ನು ಹಿಡಿದು ಅಮೇರಿಕಾದಲ್ಲಿ ತಮ್ಮ ಪರವಾಗಿ ಮಾತಾಡಬೇಕೆಂದು ಕೇಳಿಕೊಂಡರು. ಆಗಲಿ ಎಂದು ಇಬ್ಬರಿಗೂ ಹೇಳಿ ಹಡಗು ಹತ್ತಿದೆ.

ಇಲ್ಲದ ಊರಿನ ಮೆರವಣಿಗೆ

ನನ್ನನ್ನು ಉಳಿಸಿದ ಊರು ಷಿಕಾಗೋ ಪಟ್ಟಣದಾಚೆ, ರೈಲಿನಲ್ಲಿ ಸ್ವಲ್ಪ ದೂರ. ಅದರ ಹೆಸರು ಬರೆಯುವುದಿಲ್ಲ. ಉಂಡ ಮನೆಗೆ ಎರಡು ಬಗೆದ ಅನ್ನಿಸಿಕೊಳ್ಳುವುದು ನನಗೆ ಬೇಡ. ಮೊದಲು ಅದೊಂದು ಸ್ವತಂತ್ರ ಊರಾಗಿತ್ತಂತೆ. ಪಟ್ಟಣ ಬೆಳೆದು ಬೆಳೆದು ಅದನ್ನು ಬಗಲಿಗೆ ಹಾಕಿಕೊಂಡಿದೆ. ಗಂಡಸರೆಲ್ಲ ಬೆಳಿಗ್ಗೆ ಟೋಪಿ ಹಾಕಿ ರೈಲು ಹತ್ತಿ ಹೋಗುತ್ತಾರೆ, ಸಂಜೆ ಅದೇ ಟೋಪಿಯಲ್ಲಿ ಬರುತ್ತಾರೆ. ಮನೆಗಳ ಮುಂದೆಲ್ಲ ಹುಲ್ಲು. ಅದನ್ನು ಬೆಳೆಸಲು ನೀರು ಹಾಕುತ್ತಾರೆ, ಬೆಳೆದ ಕೂಡಲೇ ಕತ್ತರಿಸುತ್ತಾರೆ. ಒಂದು ದನವೂ ಇಲ್ಲ.

ನಾನು ಉಳಿದ ಮನೆಯ ಯಜಮಾನರು ಹೆರಾಲ್ಡ್ ಸಾಹೇಬರು, ಒಂದು ಆಫೀಸಿನಲ್ಲಿ ದೊಡ್ಡ ಕೆಲಸದವರು. ಊರಿನ ಸಭೆಯ ಮೆಂಬರೂ ಹೌದು, ಅಂದರೆ ರಸ್ತೆ, ದೀಪ, ಜಾಗದ ವಿಷಯಕ್ಕೆ ಕೈ ಎತ್ತುವವರಲ್ಲಿ ಒಬ್ಬರು. ಅವರ ಹೆಂಡತಿ ಡೊರೊಥಿ, ನನ್ನ ಬಾಯಿಗೆ ಡೊರೊಥಿಯಮ್ಮ. ಆಕೆ ಊರಿನ ಹಳೆಯ ನೆನಪುಗಳನ್ನು ಕಾಪಾಡುವ ಒಂದು ಸಂಘಕ್ಕೆ ಅಧ್ಯಕ್ಷೆ. ಇಬ್ಬರೂ ಒಳ್ಳೆಯವರು, ನಗುಮೊಗದವರು. ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ಕೂಡಲೇ ಜೋಳ, ಆಲೂಗೆಡ್ಡೆ ಬೇಯಿಸಿ, ಕೆಂಪಗೆ ಗಾಜಿನಂತೆ ಹೊಳೆಯುವ, ತಟ್ಟೆ ಅಲ್ಲಾಡಿಸಿದರೆ ನಡುಗುವ ಒಂದು ಸಿಹಿಯನ್ನು ಇಟ್ಟರು. ನಾನು ಅದನ್ನು ಮೆಚ್ಚಿ ವಾರವೆಲ್ಲ ತಿಂದೆ. ಅದನ್ನು ದನದ ಮೂಳೆ ಚರ್ಮ ಬೇಯಿಸಿ ತೆಗೆದ ಅಂಟಿನಿಂದ ಮಾಡುತ್ತಾರೆಂದು ಗೊತ್ತಾದ ದಿನ ಚಟ್ನಿಪುಡಿಯ ಗಂಟು ಬಿಚ್ಚಿದೆ. ಈ ಸಂಗತಿ ಗೌರಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಹೋದ ಸಂಜೆಯೇ ಊರು ತೋರಿಸುತ್ತೇವೆಂದು ಕಾರಿನಲ್ಲಿ ಕೂರಿಸಿಕೊಂಡರು. ಒಂದು ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿ, ಇಲ್ಲಿ ನಮ್ಮ ಕಮ್ಮಾರಸಾಲೆ ಇತ್ತು ಎಂದರು. ಬ್ಯಾಂಕಿನ ಮುಂದೆ ನಿಲ್ಲಿಸಿ, ಇಲ್ಲಿ ಬ್ಯಾಂಡು ಬಾರಿಸುವ ಮಂಟಪ ಇತ್ತು ಎಂದರು. ಒಂದು ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಇಲ್ಲಿ ದೊಡ್ಡ ಎಲ್ಮ್ ಮರ ಇತ್ತು ಎಂದರು. ಮೈದಾನದಷ್ಟು ಅಗಲದ ಡಾಂಬರಿನ ಮೇಲೆ ಸಾಲಾಗಿ ಕಾರು ನಿಂತಿದ್ದ ಕಡೆ ಡೊರೊಥಿಯಮ್ಮ ಗಾಜು ಇಳಿಸಿ, ಇಲ್ಲಿ ಡೈರಿ ಇತ್ತು, ನಾವು ಶಾಲೆ ಬಿಟ್ಟು ಬರುತ್ತ ಇಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದೆವು ಎಂದು ಕಣ್ಣು ಒರೆಸಿಕೊಂಡರು. ನಾನೂ ಆ ಡಾಂಬರನ್ನು ಭಕ್ತಿಯಿಂದ ನೋಡಿ ತಲೆ ಆಡಿಸಿದೆ. ನಮ್ಮಲ್ಲಿ ಯಾತ್ರೆಗೆ ಕರೆದುಕೊಂಡು ಹೋಗುವವರು ಕೊನೆಗೆ ಒಂದು ದೇವರನ್ನಾದರೂ ತೋರಿಸುತ್ತಾರೆ. ಇಲ್ಲಿ ಬರೀ ಇತ್ತು, ಇತ್ತು, ಇತ್ತು.

ಇಷ್ಟೆಲ್ಲ ಕೆಡವಿದವರು ಯಾರು ಎಂದು ಕೇಳಿದೆ. ಯುದ್ಧದಲ್ಲಿ ಬಾಂಬು ಬಿದ್ದಿರಬೇಕು ಎಂದುಕೊಂಡಿದ್ದೆ. ಹೆರಾಲ್ಡ್ ಸಾಹೇಬರು ಸಂತೋಷದಿಂದಲೇ ಹೇಳಿದರು: ನಾವೇ. ಡೈರಿಯನ್ನು ತೆಗೆಸಲು ಎಷ್ಟು ಓಡಾಡಿದೆವು ಅಂತ ನಿಮಗೆ ಗೊತ್ತಿಲ್ಲ.

ಇಲ್ಲದ ಡೈರಿಯ ಹತ್ತಿರ ಎಡಕ್ಕೆ

ಮರುವಾರ ಪೋಸ್ಟಾಫೀಸಿಗೆ ಹೋಗಬೇಕಿತ್ತು. ದಾರಿ ಕೇಳಿದ್ದಕ್ಕೆ ಡೊರೊಥಿಯಮ್ಮ ಸರಾಗವಾಗಿ ಹೇಳಿದರು: ಡೈರಿಯ ಹತ್ತಿರ ಎಡಕ್ಕೆ ತಿರುಗಿ, ಕಮ್ಮಾರಸಾಲೆ ದಾಟಿ, ದೊಡ್ಡ ಎಲ್ಮ್ ಮರದ ಎದುರಿಗೆ. ಅರ್ಧ ದಾರಿಗೆ ಹೋದ ಮೇಲೆ ನನಗೆ ಹೊಳೆಯಿತು, ಈ ಮೂರರಲ್ಲಿ ಒಂದೂ ಭೂಮಿಯ ಮೇಲಿಲ್ಲ. ಕೇಳೋಣವೆಂದರೆ ಆ ಊರಿನಲ್ಲಿ ಕಾಲಿನ ಮೇಲೆ ನಡೆಯುವವರೇ ಇಲ್ಲ. ಕೊನೆಗೆ ಒಬ್ಬ ಪೋಲೀಸಿನವನೇ ಕಾರು ನಿಲ್ಲಿಸಿ, ಏಕೆ ನಡೆಯುತ್ತಿದ್ದೀರಿ, ಏನಾದರೂ ತೊಂದರೆಯೇ ಎಂದು ಅನುಮಾನದಿಂದ ನೋಡಿದ. ಪೋಸ್ಟಾಫೀಸು ಎಂದೆ. ಓ, ಅದಾ, ಡೈರಿಯ ಹತ್ತಿರ ಎಡಕ್ಕೆ ಎಂದು ಹೇಳಿ ಹೊರಟುಹೋದ.

ಹೀಗೆ ದಿಕ್ಕುಗೆಟ್ಟು ಒಂದು ಹಿಂದಿನ ಓಣಿಯಲ್ಲಿ ನಿಂತಿದ್ದಾಗ ಮೂಗಿಗೆ ಕಾಫಿ ಹುರಿಯುವ ವಾಸನೆ ಬಡಿಯಿತು. ಕಾಫಿಯ ವಿಷಯದಲ್ಲಿ ನನ್ನ ಮೂಗು ಮೋಸ ಹೋಗುವುದಿಲ್ಲ. ಹೂವಿನ ವಾಸನೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹುಳಿ ವಾಸನೆ, ಗೌರಮ್ಮ ಬಾಣಲೆಯಲ್ಲಿ ಬೀಜ ಸೀಯಿಸಿದ ವಾಸನೆ, ಎಲ್ಲ ಬಲ್ಲೆ. ಮೂಗು ಹಿಡಿದ ದಾರಿಯಲ್ಲಿ ಕಾಲು ಹಾಕಿದೆ.

ಸಣ್ಣ ಅಂಗಡಿ. ಕಿಟಕಿಯ ಪಕ್ಕ ಕಬ್ಬಿಣದ ಒಂದು ಹುರಿಯುವ ಪೀಪಾಯಿ ತಿರುಗುತ್ತಿತ್ತು. ಗೋಣಿಚೀಲಗಳ ನಡುವೆ ದಪ್ಪ ಬಿಳಿ ಮೀಸೆಯ ಒಬ್ಬ ಮುದುಕರು. ಹೆಸರು ಎಮಿಲ್, ಯೂರೋಪಿನ ಬೊಹೀಮಿಯಾ ಎಂಬ ಕಡೆಯಿಂದ ಚಿಕ್ಕಂದಿನಲ್ಲಿ ವಲಸೆ ಬಂದವರು. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಬೇರೆ ಬೇರೆ ಕಾಲಿನಲ್ಲಿ ಕುಂಟುತ್ತಿದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಅವರ ಮಾತನ್ನು ನಮ್ಮೂರಿನ ಕನ್ನಡದಲ್ಲೇ ಬರೆಯುತ್ತೇನೆ, ಅದಕ್ಕೇ ಒಗ್ಗುತ್ತದೆ. ನಾನು ಕಾಫಿ ಬೆಳೆಯುವವನು ಎಂದು ಕೇಳಿ ಅಜ್ಜ ಪೀಪಾಯಿ ತಿರುಗಿಸುವುದನ್ನೇ ಮರೆತರು. ಜೀವಮಾನವೆಲ್ಲ ಕಾಫಿ ಹುರಿದವರು ಒಂದು ಗಿಡವನ್ನೂ ನೋಡಿರಲಿಲ್ಲ. ಬಳ್ಳಿಯೋ ಮರವೋ ಎಂದು ಕೇಳಿದರು. ಗಿಡದ ಎತ್ತರ ಕೈಯಲ್ಲಿ ತೋರಿಸಿದೆ, ಹಣ್ಣು ಕೆಂಪಗಿರುತ್ತದೆ ಎಂದೆ. ಅವರು ಮಗುವಿನ ಹಾಗೆ ನಕ್ಕರು. ನಾನು ತಾನೇ ಏನು ಕಂಡಿದ್ದೆ? ಪಿಕ್ಕಿಂಗ್ ಮುಗಿದು ಚೀಲ ಲಾರಿ ಹತ್ತಿದ ಮೇಲೆ ಅದು ಎಲ್ಲಿ ಹೋಗುತ್ತದೆ, ಯಾರ ಬಾಯಿ ಸೇರುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಅವರು ಕೊಟ್ಟ ಕಾಫಿ ಕುಡಿದ ಮೇಲೆ ತಿಳಿಯಿತು, ಡೊರೊಥಿಯಮ್ಮನ ಮನೆಯಲ್ಲಿ ನಾನು ದಿನಾ ಕುಡಿಯುತ್ತಿದ್ದದ್ದು ಪಾತ್ರೆ ತೊಳೆದ ನೀರು. ಆಕೆ ದೊಡ್ಡ ಅಂಗಡಿಯಿಂದ ಡಬ್ಬಿಯ ಪುಡಿ ತರುತ್ತಾರೆ. ಆ ದೊಡ್ಡ ಅಂಗಡಿಗೆ ಈಗ ಕಾರು ನಿಲ್ಲಿಸಲು ಇನ್ನಷ್ಟು ಜಾಗ ಬೇಕಂತೆ. ಅದಕ್ಕೆ ಈ ಓಣಿಯ ಸಾಲನ್ನೇ ಕೆಡವುವ ಮಾತು ಊರಿನ ಸಭೆಯ ಮುಂದಿತ್ತು, ಮುಂದಿನ ವಾರವೇ ತೀರ್ಮಾನ. ಕಟ್ಟಡ ಅಜ್ಜನದಲ್ಲ. ಊರಿನವರು ಈ ಅಂಗಡಿ ಬೇಕು ಅಂದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

"ಕೈ ಎತ್ತೋರೆಲ್ಲ ಈ ಕೌಂಟರ್ ಮುಂದೇನೇ ಬೆಳೆದ ಮಕ್ಕಳು. ಒಂದಷ್ಟು ಜನ ಬಂದು ಕಾಫಿ ತಗೊಂಡ್ರೆ ಸಾಕಪ್ಪ," ಎಂದರು ಅಜ್ಜ.

ಅಷ್ಟೇ ತಾನೇ, ಹಳೆಯದಕ್ಕೆ ಅಳುವುದೇ ಕಸುಬಾಗಿರುವ ಮನೆಯಲ್ಲಿ ಉಳಿದಿದ್ದೇನೆ, ನಾನು ಹೇಳುತ್ತೇನೆ ಎಂದು ಭರವಸೆ ಕೊಟ್ಟೆ.

ಚರ್ಚಿನ ನೆಲಮಾಳಿಗೆ

ಆ ವಾರಾಂತ್ಯವೇ ಡೊರೊಥಿಯಮ್ಮನ ಸಂಘದ ವಾರ್ಷಿಕ ಊಟ. ಅಲ್ಲಿನ ಹೆಂಗಸರು ವರ್ಷವಿಡೀ ಕೂತು ಒಂದು ಕೌದಿ ಹೊಲಿದಿದ್ದರು. ನಮ್ಮ ಸೋಮವಾರಪೇಟೆ ಕಡೆ ಹಳೇ ಸೀರೆ, ಪಂಚೆ ಹರಿದರೆ ತುಂಡು ಕೂಡಿಸಿ ಕೌದಿ ಹೊಲಿದು ಮಗುವಿಗೆ ಹೊದಿಸುತ್ತೇವೆ. ಇವರದು ಹೊಸ ಬಟ್ಟೆಯನ್ನು ಕೊಂಡು ತಂದು, ಕತ್ತರಿಸಿ, ಕೂಡಿಸಿ, ಗೋಡೆಗೆ ನೇತು ಹಾಕುವ ಕೌದಿ. ಒಂದೊಂದು ಚೌಕಕ್ಕೆ ಹೋದ ಒಂದೊಂದು ಅಂಗಡಿ. ಬಾಯಲ್ಲಿ ಹೇಳುವುದಕ್ಕಿಂತ ಅಜ್ಜನನ್ನೇ ತೋರಿಸೋಣವೆಂದು, ಒಬ್ಬ ಸ್ನೇಹಿತರನ್ನು ಕರೆತರಬಹುದೇ ಎಂದು ಕೇಳಿದೆ. ಧಾರಾಳವಾಗಿ ಅಂದರು. ಯಾರೆಂದು ಕೇಳಲಿಲ್ಲ.

ಎಮಿಲ್ ಅಜ್ಜ ಕರಿ ಕೋಟು ಹಾಕಿ, ಮೀಸೆ ಬಾಚಿಕೊಂಡು ಬಂದರು. ಹಿಂದಿನ ಬೆಂಚಿನಲ್ಲಿ ಕೂತೆವು. ಪಾದ್ರಿಗಳು ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಸಿ, ಯಾವ ಊರು ಎಂದರು. ಕೊಡಗು ರಾಜ್ಯ ಎಂದೆ. ಗೋಡೆಯ ಮೇಲಿದ್ದ ಭೂಪಟದಲ್ಲಿ ಬಹಳ ಹುಡುಕಿದರು, ಕನ್ನಡಕ ಬದಲಿಸಿ ಇನ್ನೊಮ್ಮೆ ಹುಡುಕಿದರು. ಆಮೇಲೆ ಮೆಲ್ಲಗೆ, ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ, ಅದು ಈಗಲೂ ಇದೆಯಾ ಎಂದು ಕೇಳಿದರು.

ನಾನು ಬರುವಾಗ ಇತ್ತು ಎಂದೆ.

ಕೌದಿಯ ಮೇಲಿನ ಪರದೆ ಸರಿಸಿದರು. ನಿಜ ಹೇಳಬೇಕು, ಕೈಕೆಲಸ ಚೆಂದವಿತ್ತು. ಡೈರಿಗೆ ಬಿಳಿ ಹಸು, ಕಮ್ಮಾರನಿಗೆ ಕೆಂಪು ಕಿಡಿ. ಒಬ್ಬೊಬ್ಬರೇ ಎದ್ದು ಒಂದೊಂದು ಚೌಕ ಮುಟ್ಟಿ ನೆನಪು ಹೇಳಿ ಅತ್ತು ಕೂತರು. ಅಳು ಮುಗಿದವರಿಗೆ ಕೇಕು. ಹೆರಾಲ್ಡ್ ಸಾಹೇಬರು ಮಂಟಪಕ್ಕೆ ಅತ್ತರು. ಅದನ್ನು ಕೆಡವಿದ ದಿನ ಅದೇ ಜಾಗದಲ್ಲಿ ರಿಬ್ಬನ್ ಕತ್ತರಿಸುತ್ತಿದ್ದ ಅವರ ಪಟವನ್ನು ನಾನು ಮನೆಯ ಗೋಡೆಯ ಮೇಲೆ ನೋಡಿದ್ದೆ.

ನಟ್ಟನಡುವಿನ ಚೌಕ ಡೊರೊಥಿಯಮ್ಮನದು. ಕಂದು ಬಟ್ಟೆ, ಗೋಣಿಚೀಲ, ಒಂದು ಪೀಪಾಯಿ, ಪಕ್ಕದಲ್ಲಿ ಬಿಳಿ ನೂಲಿನ ಮೀಸೆಯ ಒಬ್ಬ ಪುಟ್ಟ ಮನುಷ್ಯ.

"ಪಾಪ, ನಮ್ಮ ಎಮಿಲ್," ಎಂದರು ಆಕೆ, ನೂಲಿನ ಮೀಸೆಯನ್ನು ಬೆರಳಿನಿಂದ ಸವರಿ. ಬೀದಿಯೆಲ್ಲ ತುಂಬುತ್ತಿದ್ದ ಆ ಪರಿಮಳ ಈಗಿನ ಮಕ್ಕಳಿಗೆ ಸಿಗಲಿಲ್ಲವಲ್ಲ, ಅಂಥವರು ಇನ್ನು ಹುಟ್ಟುವುದಿಲ್ಲ ಎಂದರು. ಸುತ್ತಲೂ ಮೂಗು ಸೀನುವ ಸದ್ದು.

ನನ್ನ ಕೈಯ ಕೇಕು ಕೈಯಲ್ಲೇ ಉಳಿಯಿತು. ಈಗ ನನಗೆ ಅರ್ಥವಾಯಿತು. ಇವರು ಯಾರೂ ನಡೆಯುವವರಲ್ಲ. ಕಾರಿನ ದಾರಿ ಆ ಓಣಿಯನ್ನು ಸುತ್ತಿಕೊಂಡು ಹೋಗುತ್ತದೆ. ತಾವು ಹೋಗುವುದನ್ನು ಬಿಟ್ಟ ದಿನವೇ ಅಂಗಡಿಯೂ ಹೋಯಿತು ಎಂದು ಎಲ್ಲರೂ ತಿಳಿದುಬಿಟ್ಟಿದ್ದರು. ಕೆಡವಲು ಹೊರಟ ಸಭೆಯವರ ಲೆಕ್ಕದಲ್ಲೂ ಅದು ಬರೀ ಖಾಲಿ ಸಾಲು. ತಿಥಿ ಮಾಡುವ ಮೊದಲು ಹೆಣವಿದೆಯೇ ಎಂದಾದರೂ ನೋಡಬಾರದೇ? ನಾನು ಎದ್ದು ನಿಂತು, ಅಮ್ಮಾ, ಅವರು ಇಲ್ಲೇ ಕೂತಿದ್ದಾರೆ ಎಂದೆ.

ಅಜ್ಜ ಬಾಯಿ ಒರೆಸಿಕೊಂಡು ಎದ್ದರು. "ನಾನಿನ್ನೂ ಇದೀನಿ," ಅಂದರು. "ಬೆಳಿಗ್ಗೆ ಬೇಗ ಬಾಗಿಲು ತೆಗೀತೀನಿ. ಬನ್ನಿ."

ಎಲ್ಲರೂ ಕೌದಿಯ ಮೀಸೆಯನ್ನೂ ಅಜ್ಜನ ಮೀಸೆಯನ್ನೂ ಹೋಲಿಸಿ ನೋಡಿದರು. ಆಮೇಲೆ ಚಪ್ಪಾಳೆ. ಇಂಥ ಒಳ್ಳೆಯ ಕಾರ್ಯಕ್ರಮ ಸಂಘದ ಇತಿಹಾಸದಲ್ಲೇ ಆಗಿರಲಿಲ್ಲ ಎಂದು ಪಾದ್ರಿಗಳು ನನ್ನ ಕೈ ಕುಲುಕಿದರು. ಎಲ್ಲರೂ ಅಜ್ಜನನ್ನು ತಬ್ಬಿಕೊಂಡು ನಾಳೆಯೇ ಬರುತ್ತೇವೆಂದು ಮಾತು ಕೊಟ್ಟರು. ಅಂಗಡಿ ಉಳಿಯಿತು ಎಂದು ನಾನೂ ನಂಬಿದೆ.

ಓಣಿಯ ಅಂಗಡಿ, ಊರಿನ ಸಭೆ

ಬಂದರು, ಸುಳ್ಳು ಹೇಳಬಾರದು. ಓಣಿಯ ತುಂಬ ಕಾರು. ಅಜ್ಜ ಕತ್ತಲೆಯಲ್ಲೇ ಎದ್ದು ಎಷ್ಟೋ ಕಾಲದಿಂದ ಹುರಿಯದಷ್ಟು ಬೀಜ ಹುರಿದಿಟ್ಟಿದ್ದರು. ನಾನು ಪೊಟ್ಟಣ ಕಟ್ಟಲು ನಿಂತೆ.

ಕಟ್ಟುವ ಕೆಲಸವೇ ಬರಲಿಲ್ಲ. ಬಂದವರು ಪೀಪಾಯಿಯ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬರು ಮುಚ್ಚುವಾಗ ಬೋರ್ಡು ನನಗೇ ಇರಲಿ ಎಂದರು. ಇನ್ನೊಬ್ಬರು ತೂಕದ ತಕ್ಕಡಿಗೆ ಹೇಳಿಟ್ಟರು. ಒಬ್ಬಾಕೆ ಮಾತ್ರ ಸ್ವಲ್ಪ ಬೀಜ ಕೊಂಡರು, ಗಾಜಿನ ಭರಣಿಯಲ್ಲಿ ಹಾಕಿ ಕಪಾಟಿನ ಮೇಲಿಡಲು. ಡೊರೊಥಿಯಮ್ಮ ಕಣ್ಣು ಮುಚ್ಚಿ ಉಸಿರೆಳೆದು, ನನ್ನ ನೆನಪಿನಲ್ಲಿದ್ದ ಹಾಗೇ ಇದೆ ಎಂದು ಅತ್ತು, ಮನೆಯಲ್ಲಿ ಪುಡಿ ಮುಗಿದಿದೆ ಎಂದು ದೊಡ್ಡ ಅಂಗಡಿಗೆ ಹೋದರು. ಸಂಜೆಯಾದರೂ ಹುರಿದ ಬೀಜವೆಲ್ಲ ಹಾಗೇ ಉಳಿದಿತ್ತು. ಅಜ್ಜ ಕೌಂಟರ್ ಒರೆಸಿದರು.

ಆ ರಾತ್ರಿ ಊಟಕ್ಕೆ ಕೂತಾಗ ಹೆರಾಲ್ಡ್ ಸಾಹೇಬರಿಗೆ ಬಿಡಿಸಿ ಹೇಳಿದೆ. ಅಳುವುದು ಬೇಡ, ಅಲ್ಲಿಂದ ಪುಡಿ ತನ್ನಿ, ಸಭೆಯಲ್ಲಿ ಬೇಡ ಅನ್ನಿ ಎಂದೆ. ಅವರು ಬಹಳ ಮರ್ಯಾದೆಯಿಂದ ಕೇಳಿ, ಕಾರು ನಿಲ್ಲಿಸುವ ಕಷ್ಟ ನಿಮ್ಮ ಊರಿನಲ್ಲಿ ಇಲ್ಲವೇ ಎಂದು ಕೇಳಿದರು.

ಸಭೆಯ ದಿನ ಅಜ್ಜ ಮುಂದಿನ ಸಾಲಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಒಬ್ಬ ಗೃಹಸ್ಥರು ಎದ್ದು ನೆನಪು ಎಷ್ಟು ಪವಿತ್ರ ಎಂಬುದರ ಮೇಲೆ ಸೊಗಸಾಗಿ ಮಾತಾಡಿ, ಹೊಸ ಕಾರುನಿಲ್ದಾಣದ ಗೋಡೆಗೆ ಎಮಿಲ್ ಹೆಸರಿನ ಒಂದು ಹಿತ್ತಾಳೆ ಫಲಕ ಹಾಕಬೇಕೆಂದರು. ಎಲ್ಲರೂ ಒಪ್ಪಿ ಕೈ ಎತ್ತಿದರು. ಹೆರಾಲ್ಡ್ ಸಾಹೇಬರ ಕೈ ಎಲ್ಲರಿಗಿಂತ ಎತ್ತರಕ್ಕಿತ್ತು, ಅವರು ಉದ್ದನೆಯ ಆಸಾಮಿ. ಚಳಿಗಾಲ ಕಳೆದ ಮೇಲೆ ಕೆಡವುವುದು ಎಂದಾಯಿತು. ನಾನು ಪರದೇಶಿ, ಬಾಯಿ ತೆರೆಯುವ ಹಕ್ಕಿಲ್ಲ. ಮೈಯೆಲ್ಲ ಉರಿಯಿತು.

ಕಾರಿನಲ್ಲಿ ಬರುವಾಗ ಡೊರೊಥಿಯಮ್ಮ ನಿಟ್ಟುಸಿರು ಬಿಟ್ಟರು. "ಕೌದಿಯ ಆ ಚೌಕ ಬಿಚ್ಚಬೇಕಾಗುತ್ತೇನೋ ಅಂತ ನನಗೆ ನಿದ್ದೆಯೇ ಇರಲಿಲ್ಲ. ಇನ್ನು ಬಿಚ್ಚೋದು ಬೇಡ."

ಕೆಟ್ಟ ಹೆಂಗಸಲ್ಲ. ಜ್ವರ ಬಂದಾಗ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವರು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂದದ್ದು.

ಸ್ಟೇಷನ್ ದಾರಿ

ಹೊರಡುವ ದಿನ ಇಬ್ಬರೂ ನನ್ನನ್ನು ರೈಲಿಗೆ ಬಿಡಲು ಬಂದರು. ನನಗೆ ಪ್ರೀತಿಯೆಂದು ಓಣಿಯ ದಾರಿಯಲ್ಲೇ ಕಾರು ಬಿಟ್ಟರು. ಅಂಗಡಿಯ ಮುಂದೆ ನಿಧಾನ ಮಾಡಿ, ಹೆರಾಲ್ಡ್ ಸಾಹೇಬರು ಬೆರಳು ತೋರಿಸಿ ಹೇಳಿದರು: "ಇಲ್ಲೇ ನೋಡಿ, ಎಮಿಲ್ ಅಂಗಡಿ ಇದ್ದದ್ದು."

ಚಿಮಣಿಯಿಂದ ಹೊಗೆ ಏಳುತ್ತಿತ್ತು. ಕಿಟಕಿಯಲ್ಲಿ ಅಜ್ಜ ಪೀಪಾಯಿ ತಿರುಗಿಸುತ್ತ ನಮಗೆ ಕೈ ಬೀಸಿದರು.

ಕಾರು ನಿಲ್ಲಿಸಿ ಎಂದೆ. ಅವರು ಗಾಜು ಏರಿಸಿಕೊಂಡು ಒಳಗೇ ಕೂತರು, ನಾನು ಇಳಿದು ಒಂದು ಕಾಫಿ ಕುಡಿದೆ. ಮುಂದೇನು ಅಜ್ಜ ಎಂದು ಕೇಳಿದೆ. ಒಹಾಯೋದಲ್ಲಿ ಮಗಳ ಮನೆ ಇದೆ ಎಂದರು. ಪೀಪಾಯಿಯನ್ನು ಒಂದು ಸುತ್ತು ತಿರುಗಿಸಿ, ಅವಳು ಟೀ ಕುಡಿಯುವವಳು ಎಂದರು. ಬಿಸಿ ಬೀಜ ಪುಡಿ ಮಾಡಿ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

"ಇದನ್ನ ಇಟ್ಕೋಬೇಡ, ಕುಡಿ. ನೆನಪಿಗೆ ಅಂತ ಇಟ್ರೆ ಹೊಟ್ಟಾಗಿಬಿಡತ್ತೆ."

ಆಗಲಿ ಎಂದೆ. ಆದರೆ ಹಡಗಿನುದ್ದಕ್ಕೂ ಯೋಚಿಸಿದ್ದು, ಇದನ್ನು ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಎಲ್ಲಿಟ್ಟರೆ ಬಂದವರಿಗೆಲ್ಲ ಕಾಣುತ್ತದೆ ಎಂದು.

ಕುಶಾಲನಗರದ ಸೇತುವೆ

ನಾನು ನಡುನೀರಿನಲ್ಲಿದ್ದಾಗ ನವೆಂಬರ್ ಬಂದು, ನಮ್ಮ ರಾಜ್ಯ ಮೈಸೂರಿಗೆ ಸೇರಿಹೋಗಿತ್ತು. ಮುಂಬಯಿಯಲ್ಲಿ ಇಳಿದು ಮೈಸೂರಿಗೆ ಬಂದು ಮಡಿಕೇರಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬ ಗೌಡರು, ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಜಮೀನು ಮಾಡಿದವರು. ಕಾವೇರಿ ಸೇತುವೆ ದಾಟುತ್ತಲೇ ನಾನು ಕಿಟಕಿಯಾಚೆ ಕತ್ತು ಹಾಕಿದೆ. ನಮ್ಮ ಗಡಿಯ ಗೇಟಿನ ಕಂಬ ಎತ್ತಿ ಪಕ್ಕಕ್ಕೆಸೆದಿದ್ದರು. ಗೌಡರಿಗೆ ತೋರಿಸತೊಡಗಿದೆ. ಇಲ್ಲೇ ನಮ್ಮ ಗೇಟಿತ್ತು, ಅಲ್ಲಿ ಪೋಲೀಸರ ಗುಡಿಸಲಿತ್ತು, ಇಲ್ಲಿ ಬಸ್ಸು ನಿಲ್ಲುತ್ತಿತ್ತು, ಗೇಟು ತೆಗೆಯುವವರೆಗೆ ನಾವೆಲ್ಲ ಇಳಿದು ಕಾಫಿ ಕುಡಿಯುತ್ತಿದ್ದೆವು, ಇಲ್ಲೊಂದು ನಾಯರ್ ಅಂಗಡಿ ಇತ್ತು.

"ಇತ್ತು ಅಂದ್ರೆ?" ಎಂದರು ಗೌಡರು. "ಐತಲ್ಲ ಸ್ವಾಮಿ. ಅಗಾ, ಹೊಗೆ ಕಾಣಾಕಿಲ್ವಾ?"

ನನ್ನ ಕೆನ್ನೆಗೆ ಬಿಟ್ಟಂತಾಯಿತು. ಮಡಿಲಲ್ಲಿದ್ದ ಪೊಟ್ಟಣ ಹಿಡಿದು ಎದ್ದು ನಿಲ್ಲಿಸಪ್ಪ ನಿಲ್ಲಿಸು ಎಂದು ಕೂಗಿದೆ. ಗೇಟೇ ಇಲ್ಲ, ಇನ್ನು ಇಲ್ಲಿ ಯಾಕೆ ನಿಲ್ಲಿಸಬೇಕು ಎಂದು ಡ್ರೈವರ್ ಗೊಣಗಿದರೂ ಬ್ರೇಕು ಹಾಕಿದ. ಬಸ್ಸು ನಿಂತರೆ ಇಳಿಯುವ ಅಭ್ಯಾಸದಿಂದ ಜನವೂ ಇಳಿದರು.

ನಾಯರ್ ಬೆಂಚು ಒರೆಸುವ ಬಟ್ಟೆ ಹಿಡಿದೇ ಓಡಿ ಬಂದು, ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಕೇಳಿದರು. "ಬಸ್ಸು ಇನಿ ಇಲ್ಲಿ ನಿಲ್ಲೂದಿಲ್ಲಾಂತ ಹೇಳ್ತಾರೆ. ಸತ್ಯವಾ ಸಾರ್?"

ಪೊಟ್ಟಣ ಬಿಚ್ಚಿ, ಇದನ್ನು ಎಲ್ಲರಿಗೂ ಕಾಸು, ಅಮೇರಿಕಾದ ಕಾಫಿ ಎಂದೆ. ನಾಯರ್ ಮೂಸಿ ನೋಡಿ ಕಾಸಿದರು. ಎಮಿಲ್ ಅಜ್ಜ ಅಂದದ್ದು ಸುಳ್ಳಾಗಲಿಲ್ಲ. ವಾಸನೆಯೆಲ್ಲ ಹೋಗಿ, ಅದು ಬರೀ ಹೊಟ್ಟಿನ ಕಷಾಯವಾಗಿತ್ತು. ಒಂದೊಂದು ಗುಟುಕಿಗೇ ಮುಖ ಕಿವುಚಿ ಎಲ್ಲರೂ ನನ್ನ ಮರ್ಯಾದೆ ಕಾಯಲು ಲೋಟ ಹಿಡಿದೇ ನಿಂತರು. ಗೌಡರು ಮಾತ್ರ ಲೋಟವನ್ನು ಮೋರಿಗೆ ಬಗ್ಗಿಸಿ, ನಾಯರ್, ನಿಂದೇ ಒಂದು ಕೊಡು ಮಾರಾಯ ಎಂದರು. ಎಲ್ಲರೂ ಅದನ್ನೇ ಕೇಳಿದರು. ನಾಯರ್ ಬೆಲ್ಲದ ಕಾಫಿ ಹೊಯ್ಯತೊಡಗಿದರು.

ಡ್ರೈವರ್ ಹಾರ್ನ್ ಒತ್ತಿದ. ಏನೂ ಇಲ್ಲದ ಕಡೆ ಎಷ್ಟು ಹೊತ್ತು ನಿಲ್ಲುವುದು ಎಂದು ಕೂಗಿದ.

"ಗೇಟು ಹೋಯ್ತು. ನಾನು ಹೋಗ್ಲಿಲ್ಲಲ್ಲ," ಎಂದರು ನಾಯರ್, ಯಾರನ್ನೂ ನೋಡದೆ, ಕಾಫಿ ಹೊಯ್ಯುತ್ತಲೇ.

ನಾಯರ್ ಕಾಫಿ ಯಾವತ್ತೂ ಚೆನ್ನಾಗಿರಲಿಲ್ಲ, ಅವತ್ತೂ ಇರಲಿಲ್ಲ. ಡ್ರೈವರಿಗೂ ಒಂದು ಲೋಟ ಕಳಿಸಿ, ನಾನು ಇನ್ನೊಂದು ಹೇಳಿ ಬೆಂಚಿನ ಮೇಲೆ ಕೂತೆ.